ಹಿತ್ತಿಲ ಬೇಲಿಯ ಉದ್ದಕ್ಕೂ ಅಂಚುಗಟ್ಟು ಹಾಕುವ ಕ್ರಮ

ಹಿತ್ತಿಲಿನಲ್ಲಿ ಸೊಪ್ಪು, ತರಕಾರಿ, ಹೂಗಿಡಗಳನ್ನು ಬೆಳೆಯುವವರಿಗೆ ಬೇಲಿಯ ಬುಡವೇ ಹೆಚ್ಚು ತೊಂದರೆ ಕೊಡತಕ್ಕ ಸ್ಥಳ. ಹೊರಗಿನ ಗರಿಕೆ ಬೇಲಿಯಡಿಯಲ್ಲಿ ನುಸುಳಿ ಪಾತಿಗೆ ಹಬ್ಬುವುದು. ಪಾತಿಯ ಒಳ್ಳೆಯ ಮಣ್ಣು ಮಳೆಗೆ ಕೊಚ್ಚಿಕೊಂಡು ಹೊರಕ್ಕೆ ಹೋಗುವುದು. ಬೇಲಿಗೆ ಸಮನಾಗಿ ಇಟ್ಟಿಗೆ ಅಥವಾ ಕಲ್ಲಿನ ಅಂಚುಗಟ್ಟನ್ನು ಹೂಳಿದರೆ ಇವೆರಡೂ ಬಹುಮಟ್ಟಿಗೆ ನಿಲ್ಲುವುವು.

ಬೆಂಗಳೂರಿನ ಹಲಸೂರಿನ ಮಗ್ಗುಲಲ್ಲಿರುವ ಮರ್ಫಿ ಟೌನ್ 1947ನೆಯ ಇಸವಿಯವರೆಗೆ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ನಿನ ಆಡಳಿತಕ್ಕೆ ಒಳಪಟ್ಟಿತ್ತು. ಅಂಥ ಒತ್ತಾದ ಬಡಾವಣೆಯಲ್ಲಾಗಲಿ, ಹಳ್ಳಿಯ ಊರೊಟ್ಟಿನ ಹಿತ್ತಿಲಲ್ಲಾಗಲಿ ಒಂದು ಗೇಣು ನೆಲವೂ ನೆರೆಹೊರೆಯವರ ಮನಸ್ತಾಪಕ್ಕೆ ಕಾರಣವಾಗಬಲ್ಲುದು. ಆದ್ದರಿಂದ ಮೊದಲು ಎಲ್ಲೆಯನ್ನು ನೋಡಿಕೊಂಡು, ಅನಂತರ ಗುದ್ದಲಿ ಹಿಡಿಯತಕ್ಕದ್ದು.

1. ಎಲ್ಲೆ.— ಅಂಚುಗಟ್ಟನ್ನು ಎಲ್ಲೆಯ ಮೇಲೆ ಹಾಕಕೂಡದು. ಬೇಲಿಯಿಂದ ಒಂದು ಅಡಿ ಒಳಕ್ಕೆ, ಸ್ವಂತ ನೆಲದಲ್ಲಿಯೇ ಹಾಕತಕ್ಕದ್ದು. ಗಿಡದ ಬೇಲಿಯಾಗಿದ್ದರೆ ಸವರುವುದಕ್ಕೆ ಅನುಕೂಲವಾಗುವಂತೆ ಎರಡು ಅಡಿ ಬಿಡುವುದು ಲೇಸು. ಈ ಬಿಟ್ಟ ಪಟ್ಟಿ ವ್ಯರ್ಥವಲ್ಲ. ಹೊರಗಿನಿಂದ ಬಂದ ಗರಿಕೆ ಮೊದಲು ಅಲ್ಲಿಯೇ ಕಾಣುವುದರಿಂದ, ಪಾತಿಗೆ ಸೇರುವ ಮುನ್ನ ಕಿತ್ತುಹಾಕಬಹುದು. ಮೋಜಣಿಯ ಎಲ್ಲೆಕಲ್ಲುಗಳನ್ನು ಯಾವ ಕಾರಣಕ್ಕೂ ಕದಲಿಸಬಾರದು. ಅದು ದಂಡಾರ್ಹವಾದ ಕೆಲಸ. ಸಂದೇಹವಿದ್ದಲ್ಲಿ ನೆರೆಯವರನ್ನು ಕರೆದು, ಊರಿನ ಮುಖ್ಯಸ್ಥರ ಎದುರಿಗೆ ದಾರ ಹಿಡಿಯುವುದು ಉತ್ತಮ.

2. ಸಾಮಗ್ರಿ.— ಮರದ ಹಲಗೆಯನ್ನು ಬಳಸಬಾರದು. ಬೆಂಗಳೂರು ಸೀಮೆಯ ಕೆಮ್ಮಣ್ಣಿನಲ್ಲಿ ಗೆದ್ದಲಿನ ಕಾಟ ಹೆಚ್ಚು. ಸರಿಯಾಗಿ ಬೇಯದ ಇಟ್ಟಿಗೆಯು ತೇವಕ್ಕೆ ಕರಗುವುದು. ಚೆನ್ನಾಗಿ ಬೆಂದ ಇಟ್ಟಿಗೆಯನ್ನು ಮತ್ತೊಂದಕ್ಕೆ ತಟ್ಟಿದರೆ ಕಂಚಿನಂಥ ನಾದ ಬರುವುದು. ಕಲ್ಲುಗಣಿಗಳು ಹತ್ತಿರವಿರುವ ಊರುಗಳಲ್ಲಿ ಚಪ್ಪಡಿಯ ತುಂಡುಗಳು ಇಟ್ಟಿಗೆಗಿಂತಲೂ ಬಹುಕಾಲ ಬಾಳುವುವು.

3. ಲೆಕ್ಕ.— 9 ಅಂಗುಲ ಉದ್ದ, 4½ ಅಂಗುಲ ಅಗಲ, 3 ಅಂಗುಲ ದಪ್ಪದ ಇಟ್ಟಿಗೆಗಳನ್ನು ನೆಟ್ಟಗೆ ನಿಲ್ಲಿಸಿ, ಅಗಲದ ಮೈ ಸಾಲಿನುದ್ದಕ್ಕೆ ಬರುವಂತೆ ಜೋಡಿಸಿದರೆ 30 ಅಡಿಗೆ 80 ಇಟ್ಟಿಗೆಗಳು ಬೇಕಾಗುವುವು. ಒಡೆಯುವುದಕ್ಕೆಂದು ಎಂಟು ಹತ್ತು ಹೆಚ್ಚಾಗಿ ತರಿಸಿಕೊಳ್ಳಬೇಕು.

4. ಕೆಲಸದ ಕ್ರಮ.— ಏಪ್ರಿಲ್–ಮೇ ತಿಂಗಳ ಮೊದಲ ಮಳೆಗಳಿಂದ ನೆಲ ಮೆತ್ತಗಾದಾಗ ಅಗೆತ ಸುಲಭ. ಎರಡು ಕೊನೆಗಳಲ್ಲಿ ಗೂಟ ಹೊಡೆದು ದಾರ ಬಿಗಿದು, ಅದರ ಗುರುತಿನಲ್ಲಿ 6 ಅಂಗುಲ ಅಗಲ, 7 ಅಂಗುಲ ಆಳದ ಕಾಲುವೆಯನ್ನು ತೆಗೆಯಬೇಕು. ಗರಿಕೆಯ ಬೇರನ್ನೂ ಗೆಣ್ಣನ್ನೂ ಆರಿಸಿ ಒಣಗಿಸಿ ಸುಡಬೇಕು. ಒಂದು ಗೆಣ್ಣು ಉಳಿದರೂ ಮತ್ತೆ ಚಿಗುರುವುದು. ತೆಂಗು, ಕರಿಬೇವು ಮೊದಲಾದವುಗಳ ದಪ್ಪ ಬೇರು ಅಡ್ಡ ಬಂದರೆ ಕಡಿಯದೆ, ಅಲ್ಲಿ ಅಂಚನ್ನು ಬಳಸಿಕೊಂಡು ಹೋಗತಕ್ಕದ್ದು.

ಕಾಲುವೆಯ ತಳಕ್ಕೆ ಒಂದು ಅಂಗುಲ ಮರಳು ಹಾಸಿ, ಇಟ್ಟಿಗೆಗಳನ್ನು ಒತ್ತಾಗಿ ನಿಲ್ಲಿಸಬೇಕು. ಹೀಗೆ 6 ಅಂಗುಲ ನೆಲದೊಳಗೂ 3 ಅಂಗುಲ ಮೇಲೂ ಇರುವುದು. ಎರಡು ಪಕ್ಕದಲ್ಲಿಯೂ ಮಣ್ಣು ತುಂಬಿ, ನೀರು ಚಿಮುಕಿಸಿ, ದಿಮ್ಮಸು ಮಾಡಬೇಕು. ಗಾರೆ ಅವಶ್ಯವಿಲ್ಲ, ಒಂದು ಇಟ್ಟಿಗೆ ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದು.

5. ನೀರಿನ ದಾರಿ.— ಅಂಚುಗಟ್ಟು ನೀರಿಗೆ ಕಟ್ಟೆಯಾಗಬಾರದು. ನೆಲದ ಇಳಿಜಾರನ್ನು ನೋಡಿ, ಆರು ಅಡಿಗೊಂದರಂತೆ ಅರ್ಧ ಅಂಗುಲದ ಸಂದು ಬಿಟ್ಟು, ಒಳಪಕ್ಕಕ್ಕೆ ಜಲ್ಲಿ ತುಂಬಬೇಕು. ಹೊರಬಂದ ನೀರನ್ನು ಪಟ್ಟಿಯ ಉದ್ದಕ್ಕೂ ಹರಿಸಿ ಚರಂಡಿಗೆ ಸೇರಿಸತಕ್ಕದ್ದು. ನೆರೆಯವರ ಮಣ್ಣಿನ ಗೋಡೆಯ ಬುಡಕ್ಕೆ ಬಿಟ್ಟರೆ ಸೆಪ್ಟೆಂಬರ್–ಅಕ್ಟೋಬರ್ ತಿಂಗಳ ಜೋರು ಮಳೆಗೆ ಗೋಡೆ ಕುಸಿದೀತು.

6. ಮುಂದಿನ ಪಾಲನೆ.— ಅಂಚುಗಟ್ಟು ಎಲ್ಲ ಕಳೆಯನ್ನೂ ತಡೆಯಲಾರದು. ಕೊನ್ನಾರಿಯ ಗಡ್ಡೆಗಳು ಇಟ್ಟಿಗೆಗಿಂತ ಆಳದಲ್ಲಿಯೂ ಇರುವುವು. ಪಾರ್ಥೇನಿಯಂ ಬೀಜ ಗಾಳಿಯಲ್ಲಿಯೂ ನೀರಿನಲ್ಲಿಯೂ ಬರುವುದು. ಇದನ್ನು ಹೂ ಬಿಡುವ ಮುನ್ನವೇ ಕೀಳಬೇಕು. ಮಳೆಗಾಲದಲ್ಲಿ ಆಫ್ರಿಕಾದ ದೊಡ್ಡ ಬಸವನಹುಳುಗಳು ಹಗಲು ತಂಪಾದ ನೆರಳಿನಲ್ಲಿ ಅವಿತುಕೊಳ್ಳುವುದರಿಂದ, ಅಂಚಿನ ಬುಡದಲ್ಲಿ ಕಸ ಸೇರಗೊಡಬಾರದು. ಸಂಜೆಯ ವೇಳೆ ಅವನ್ನು ಬರಿಗೈಯಿಂದ ಮುಟ್ಟದೆ ಆರಿಸಿ, ಉಪ್ಪುನೀರಿನಲ್ಲಿ ಹಾಕಿ ಕೊಲ್ಲತಕ್ಕದ್ದು.

ಮುಂಗಾರಿಗೆ ಮುಂಚೆ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ ಬೇಲಿಯ ಬದಿಯ ಪಟ್ಟಿಯನ್ನು ಕೆರೆದು, ಓರೆಯಾದ ಇಟ್ಟಿಗೆಗಳನ್ನು ನೆಟ್ಟಗೆ ಮಾಡಿದರೆ ಅಂಚುಗಟ್ಟು ಅನೇಕ ವರ್ಷ ನಿಲ್ಲುವುದು. ಪಾತಿಗೆ ಹಾಕಿದ ಗೊಬ್ಬರವು ಪಾತಿಯಲ್ಲಿಯೇ ಉಳಿಯುವುದು. ನೆರೆಯವರೊಡನೆ ಸ್ನೇಹವೂ ಕೆಡದು.