ಬಟ್ಟಲಿಗಿಂತ ಮೊದಲು ಬೆರಳಿಗಂಟುವ ಗೋಂದು

ಮುರಿದ ಪಿಂಗಾಣಿ ಬಟ್ಟಲಿನ ಹಿಡಿಯನ್ನು ಜೋಡಿಸಲು ಹೋಗಿ ತಮ್ಮ ಎರಡು ಬೆರಳುಗಳನ್ನೇ ಜೋಡಿಸಿಕೊಂಡ ಅನುಭವ ಅನೇಕರಿಗೆ ಇದ್ದೀತು. ಇದು ಕೇವಲ ಕೈತಪ್ಪಿನ ಫಲವಲ್ಲ, ಆ ಗೋಂದಿನ ಸ್ವಭಾವವೇ ಅಂಥದು. ಅದನ್ನು ಗಟ್ಟಿಗೊಳಿಸುವುದು ನೀರು. ಒಣಗಿದ ಪಿಂಗಾಣಿಗಿಂತ ಬೆವರುವ ಬೆರಳಿನಲ್ಲಿ ನೀರಿನಂಶ ಹೆಚ್ಚು.

ಲಕೋಟೆಗೆ ಹಚ್ಚುವ ಗೋಂದಾಗಲಿ, ಬಡಗಿಗಳು ಬಳಸುವ ಬಿಳಿ ಅಂಟಾಗಲಿ ತನ್ನೊಳಗಿನ ನೀರನ್ನು ಕಳೆದುಕೊಂಡ ಮೇಲಷ್ಟೇ ಬಿಗಿಯುತ್ತದೆ. ಫೆವಿಕ್ವಿಕ್, ಸೂಪರ್ ಗ್ಲೂ ಮೊದಲಾದ ಹೆಸರುಗಳಲ್ಲಿ ದೊರೆಯುವ ದಿಢೀರ್ ಅಂಟಿನ ರೀತಿ ಇದಕ್ಕೆ ತದ್ವಿರುದ್ಧ. ಸಯನೋಅಕ್ರಿಲೇಟ್ ಎಂಬ ರಾಸಾಯನಿಕ ಇದರ ಜೀವಾಳ. ಟ್ಯೂಬಿನೊಳಗೆ ಅದರ ಅಣುಗಳು ಬಿಡಿಬಿಡಿಯಾಗಿರುವುದರಿಂದ ಅದು ತೆಳು ದ್ರವವಾಗಿಯೇ ಉಳಿಯುತ್ತದೆ. ಅವು ಒಳಗೇ ಒಂದುಗೂಡದಿರಲೆಂದು ತಯಾರಕರು ಅತ್ಯಲ್ಪ ಪ್ರಮಾಣದ ಆಮ್ಲೀಯ ವಸ್ತುವನ್ನು ಬೆರೆಸಿರುತ್ತಾರೆ. ಹೊರಗೆ ಬಂದ ಹನಿ, ವಸ್ತುಗಳ ಮೈಮೇಲಿರುವ ಕಣ್ಣಿಗೆ ಕಾಣದ ತೇವದ ಪೊರೆಯನ್ನು ಸೋಕಿದೊಡನೆ ಅಣುಗಳು ಒಂದಕ್ಕೊಂದು ಕೊಂಡಿಯಾಗಿ ಉದ್ದನೆಯ ಸರಪಳಿಗಳಾಗುತ್ತವೆ. ಕೆಲವೇ ಸೆಕೆಂಡುಗಳಲ್ಲಿ ದ್ರವವು ಗಟ್ಟಿ ಪ್ಲಾಸ್ಟಿಕ್ ಆಗುತ್ತದೆ.

ಹೆಚ್ಚು ಅಂಟು ಸುರಿದರೆ ಹೆಚ್ಚು ಗಟ್ಟಿ ಎಂಬ ನಂಬಿಕೆ ತಪ್ಪೆಂಬುದೂ ಇದರಿಂದಲೇ ತಿಳಿಯುತ್ತದೆ. ಪದರ ದಪ್ಪವಾದಷ್ಟೂ ಅದರ ನಡುಭಾಗಕ್ಕೆ ತೇವದ ಪ್ರಭಾವ ತಲುಪುವುದು ತಡ. ಒಂದು ಸಣ್ಣ ಹನಿ ಸಾಕು.

ಈ ವಸ್ತು ಕೈಗೆ ಸಿಕ್ಕಿದ್ದು ಆಕಸ್ಮಿಕವಾಗಿ. 1942ರಲ್ಲಿ ಅಮೆರಿಕದ ಕೊಡಾಕ್ ಸಂಸ್ಥೆಯ ರಸಾಯನವಿಜ್ಞಾನಿ ಹ್ಯಾರಿ ಕೂವರ್ ಬಂದೂಕಿನ ಗುರಿಸಾಧನಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದರು. ಮುಟ್ಟಿದ್ದಕ್ಕೆಲ್ಲ ಅಂಟುತ್ತಿದ್ದ ಈ ದ್ರವವನ್ನು ಅವರು ಬೇಸತ್ತು ಬದಿಗಿಟ್ಟರು. 1951ರಲ್ಲಿ, ಜೆಟ್ ವಿಮಾನದ ಮೇಲ್ಗಾಜಿಗೆ ತಕ್ಕ ವಸ್ತುವಿನ ಶೋಧದಲ್ಲಿದ್ದಾಗ, ಸಹೋದ್ಯೋಗಿ ಫ್ರೆಡ್ ಜಾಯ್ನರ್ ಅದನ್ನು ಬೆಳಕಿನ ವಕ್ರೀಭವನ ಅಳೆಯುವ ಉಪಕರಣದ ಎರಡು ಪಟ್ಟಕಗಳ ನಡುವೆ ಹಚ್ಚಿದರು. ಪಟ್ಟಕಗಳು ಬೇರ್ಪಡಲೇ ಇಲ್ಲ! ದುಬಾರಿ ಉಪಕರಣ ಕೆಟ್ಟಿತು, ಕೂವರ್ ಅವರ ಕಣ್ಣು ತೆರೆಯಿತು. 1958ರಲ್ಲಿ ಅಂಟು ಮಾರುಕಟ್ಟೆಗೆ ಬಂತು.

ಅಪರಾಧ ಪತ್ತೆಗೂ ಇದು ನೆರವಾಗುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅಂಟನ್ನು ಬಿಸಿ ಮಾಡಿದರೆ ಏಳುವ ಆವಿ, ವಸ್ತುವಿನ ಮೇಲೆ ಬೆರಳು ಬಿಟ್ಟುಹೋದ ಬೆವರಿನ ಗೆರೆಗಳ ಮೇಲೆ ಕೂತು ಬೆಳ್ಳಗೆ ಗಟ್ಟಿಯಾಗುತ್ತದೆ. ಕಾಣದಿದ್ದ ಬೆರಳಚ್ಚು ಎದ್ದು ಕಾಣುತ್ತದೆ. ಜಠರದ ಉಬ್ಬಿದ ರಕ್ತನಾಳ ಒಡೆದಾಗ ವೈದ್ಯರು ಎಂಡೋಸ್ಕೋಪಿಯ ಮೂಲಕ ಇದೇ ವರ್ಗದ ಅಂಟನ್ನು ಚುಚ್ಚಿ ರಕ್ತಸ್ರಾವ ತಡೆಯುವುದುಂಟು. ಹೊಲಿಗೆಯ ಬದಲು ಚರ್ಮವನ್ನು ಕೂಡಿಸುವ ವೈದ್ಯಕೀಯ ಅಂಟಿಗೆ ಅಮೆರಿಕ 1998ರಲ್ಲಿ ಒಪ್ಪಿಗೆ ನೀಡಿತು. ಆದರೆ ಅಂಗಡಿಯ ಟ್ಯೂಬನ್ನು ಗಾಯಕ್ಕೆ ಹಚ್ಚುವ ಸಾಹಸ ಸಲ್ಲದು. ಅದರ ಅಣುರಚನೆಯೇ ಬೇರೆ. ಅದು ಬಿಸಿಯೇರಿ ಅಂಗಾಂಶಕ್ಕೆ ಹಾನಿ ಮಾಡಬಲ್ಲದು.

ಬಿಸಿಯ ಮಾತು ಬಂದಾಗ ಹತ್ತಿಬಟ್ಟೆಯನ್ನೂ ನೆನೆಯಬೇಕು. ಹತ್ತಿಯ ಮೇಲೆ ಅಂಟು ಚೆಲ್ಲಿದರೆ ಚರ್ಮ ಸುಡುವಷ್ಟು ಶಾಖ ಹುಟ್ಟಬಹುದು. ಚೆಲ್ಲಿದ್ದನ್ನು ಹತ್ತಿಯಿಂದ ಒರೆಸಬಾರದು. ಅಂಟಿದ ಬೆರಳುಗಳನ್ನು ಎಳೆಯದೆ, ಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲಗೆ ಹೊರಳಿಸಿದರೆ ಬಿಡಿಸಿಕೊಳ್ಳುತ್ತವೆ.

ನಿಜವಾದ ಅಪಾಯವಿರುವುದು ಕಣ್ಣಿಗೆ. ಈ ಪುಟ್ಟ ಟ್ಯೂಬನ್ನು ಕಣ್ಣಿನ ಔಷಧಿಯೆಂದು ತಿಳಿದು ಹನಿ ಹಾಕಿಕೊಂಡ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಕಣ್ಣೀರೂ ನೀರೇ ಅಲ್ಲವೇ? ಅಂಟು ಅಲ್ಲಿ ತಕ್ಷಣ ಬಿಗಿಯುತ್ತದೆ. ಹಾಗಾದಾಗ ರೆಪ್ಪೆಗಳನ್ನು ಬಲವಂತದಿಂದ ಬಿಡಿಸಬಾರದು, ಅಸಿಟೋನ್ ತಾಗಿಸಲೇಬಾರದು. ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಒದ್ದೆ ಬಟ್ಟೆ ಮುಚ್ಚಿ, ಕೂಡಲೇ ನೇತ್ರವೈದ್ಯರ ಬಳಿಗೆ ಹೋಗಬೇಕು. ಅಂಟು ಕೆಡದಿರಲೆಂದು ಅದನ್ನು ಫ್ರಿಜ್‌ನಲ್ಲಿಡುವವರಿದ್ದಾರೆ. ಕಣ್ಣಿನ ಔಷಧಿಯೂ ಎಷ್ಟೋ ಮನೆಗಳಲ್ಲಿ ಅಲ್ಲೇ ಇರುತ್ತದೆ. ಇವೆರಡೂ ಒಂದೇ ಅರೆಯಲ್ಲಿವೆಯೇ ಎಂದು ಇಂದೇ ನೋಡಿಕೊಳ್ಳುವುದು ಒಳ್ಳೆಯದು.