ಗ್ಯಾಸ್ ಎಲ್ಲಿ ಹೋಯಿತು?

ಕಾರಿನ ಎ.ಸಿ. ತಂಪು ಕೊಡುತ್ತಿಲ್ಲ ಎಂದರೆ ಸಾಕು, ಎದುರಿದ್ದವರು ಕೇಳುವುದು ಒಂದೇ: "ಗ್ಯಾಸ್ ತುಂಬಿಸಿದ್ರಾ?" ನಾನೂ ಎರಡು ಬೇಸಿಗೆ ತುಂಬಿಸಿದೆ. ಮೂರನೆಯ ಬೇಸಿಗೆಗೆ ಬೆಂಗಳೂರಿನ ಒಬ್ಬ ಎ.ಸಿ. ಮೆಕ್ಯಾನಿಕ್ ಕೈಗೆ ಸಿಕ್ಕೆ. ಕಾರು ರಿಪೇರಿಯವರಲ್ಲಿ ಇವರದೇ ಬೇರೆ ಪಂಗಡ. ಎಂಜಿನ್ ಮುಟ್ಟುವುದಿಲ್ಲ, ಬ್ರೇಕ್ ಕಡೆ ತಿರುಗಿಯೂ ನೋಡುವುದಿಲ್ಲ. "ಖರ್ಚಾಗೋಕೆ ಅದೇನು ಪೆಟ್ರೋಲಾ ಸಾರ್? ಕಮ್ಮಿಯಾಗಿದೆ ಅಂದ್ರೆ ಎಲ್ಲೋ ತೂತಿದೆ," ಅಂದರು.

ಮಾತು ನಿಜ. ಕಂಪ್ರೆಸರ್ ಒತ್ತಿ ಕಳಿಸಿದ ಗ್ಯಾಸ್ ಮುಂದಿನ ಕಂಡೆನ್ಸರ್‌ನಲ್ಲಿ ಶಾಖ ಬಿಟ್ಟು ದ್ರವವಾಗುತ್ತದೆ. ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ಕಿಂಡಿ ದಾಟಿದ ಮೇಲೆ ಕೂಲಿಂಗ್ ಕಾಯಿಲ್‌ನೊಳಗೆ ಕುದ್ದು, ಕಾರಿನೊಳಗಿನ ಸೆಕೆಯನ್ನು ಹೀರಿಕೊಂಡು ಕಂಪ್ರೆಸರಿಗೇ ಮರಳುತ್ತದೆ. ಸುತ್ತುವುದು ಅದೇ ಗ್ಯಾಸ್.

ಪೈಪಿನ ಜಾಯಿಂಟುಗಳಿಗೆಲ್ಲ ಸೋಪಿನ ನೊರೆ ಹಚ್ಚಿದರು, ಗುಳ್ಳೆ ಏಳಲಿಲ್ಲ. ಕೊನೆಗೆ ಲೀಕ್ ಡಿಟೆಕ್ಟರ್ ಕೂಗಿದ್ದು ಬ್ಲೋವರ್ ಹತ್ತಿರ. ಕೂಲಿಂಗ್ ಕಾಯಿಲ್! ಇರುವ ಭಾಗಗಳಲ್ಲೆಲ್ಲ ಅದೇ ಒಳಗಿನದು. ಕೆಲವು ಕಾರುಗಳಲ್ಲಿ ಗ್ಲೋವ್ ಬಾಕ್ಸ್ ತೆಗೆದರೆ ಕೈಗೆ ಸಿಗುತ್ತದೆ. ನನ್ನದರಲ್ಲಿ ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕಿತ್ತು. ಏರ್‌ಬ್ಯಾಗ್ ಇರುವುದರಿಂದ ಮೊದಲು ಬ್ಯಾಟರಿ ಕಳಚಿದರು. ಬಿಚ್ಚಿದ ಸ್ಕ್ರೂಗಳು ಹಳೆಯ ಟಿಫಿನ್ ಡಬ್ಬಿಗಳ ಮುಚ್ಚಳ ಸೇರಿದವು, ಎಡಗಡೆಯವು ಒಂದರಲ್ಲಿ, ಬಲಗಡೆಯವು ಇನ್ನೊಂದರಲ್ಲಿ. ಸ್ಟೀರಿಂಗಿನ ಹಿಂದೆ ಬರೀ ವೈರಿನ ಗೊಂಚಲು ನೇತಾಡುತ್ತಿದ್ದುದನ್ನು ನೋಡಿ ನನ್ನ ಎದೆ ಧಸಕ್ಕೆಂದಿತು.

ಹೊರಬಂದ ಕಾಯಿಲ್ ಒಂದು ದಪ್ಪ ಪುಸ್ತಕದಷ್ಟಿತ್ತು. ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಧೂಳು, ಒಣಗಿದ ಎಲೆಚೂರು. ಒಂದು ಮೂಲೆಯಲ್ಲಿ ಎಣ್ಣೆಯ ಜಿಡ್ಡು. ಕಂಪ್ರೆಸರ್ ಎಣ್ಣೆ ಗ್ಯಾಸಿನ ಜೊತೆಗೇ ಓಡಾಡುವುದರಿಂದ ಸೋರಿದಲ್ಲಿ ಕಲೆ ಉಳಿಯುತ್ತದೆ. ನಾನು ಎರಡು ವರ್ಷ ದುಡ್ಡು ಸುರಿದ ತೂತು ಕಣ್ಣಿಗೂ ಕಾಣುವಂತಿರಲಿಲ್ಲ.

ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಹೊಸ ಕಾಯಿಲ್ ಬಂತು. ಜೊತೆಗೆ ಡ್ರೈಯರ್, ಓ-ರಿಂಗ್‌ಗಳು. ಪೈಪು ಬಿಚ್ಚಿದಾಗ ಒಳನುಗ್ಗುವ ಗಾಳಿಯ ತೇವವನ್ನು ಹಳೆಯ ಡ್ರೈಯರ್ ಹೀರಿ ತುಂಬಿಹೋಗಿರುತ್ತದೆ. ಅದನ್ನೇ ಕೂರಿಸುವುದು ಸುಳ್ಳು ಉಳಿತಾಯ.

ಆಮೇಲಿನದು ಕಾಯುವ ಕೆಲಸ. ವ್ಯಾಕ್ಯೂಮ್ ಪಂಪ್ ಹಚ್ಚಿ ಗಾಳಿಯನ್ನೆಲ್ಲ ಎಳೆದಾಗ ಒಳಗಿನ ಒತ್ತಡ ಎಷ್ಟು ಇಳಿಯುತ್ತದೆಂದರೆ, ಉಳಿದ ನೀರಿನಂಶ ನಮ್ಮೂರಿನ ಬಿಸಿಲಿಗೇ ಕುದ್ದು ಆವಿಯಾಗಿ ಹೊರಬರುತ್ತದೆ. ಅವಸರದ ಕಡೆ ಹತ್ತು ನಿಮಿಷಕ್ಕೆ ಪಂಪ್ ಆರಿಸುತ್ತಾರೆ. ಇವರು ಮುಕ್ಕಾಲು ಗಂಟೆ ಓಡಿಸಿ, ಆರಿಸಿ, ನೀಲಿ ಗೇಜಿನ ಮುಳ್ಳು ಅಲುಗುತ್ತದೆಯೇ ಎಂದು ಇನ್ನರ್ಧ ಗಂಟೆ ನೋಡುತ್ತ ಕೂತರು.

ಆಮೇಲೆಯೇ ಗ್ಯಾಸ್, ಅದೂ ತಕ್ಕಡಿಯಲ್ಲಿ ತೂಗಿ. ಆರ್-134ಎ ಎಂಬ ಈ ಅನಿಲ ಹಳೆಯ ಆರ್-12ರ ಹಾಗೆ ಓಝೋನ್ ಪದರ ತಿನ್ನುವುದಿಲ್ಲ. ಆದರೆ ಭೂಮಿ ಕಾಯಿಸುವುದರಲ್ಲಿ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿನ ಸಾವಿರಪಟ್ಟು ಮೀರುತ್ತದೆ. ನನ್ನ ಎರಡು ಬೇಸಿಗೆಯ ಗ್ಯಾಸ್ ಹೋದದ್ದು ವಾತಾವರಣಕ್ಕೇ.

ಸಂಜೆ ಎ.ಸಿ. ಹಾಕಿದರು. ಅವರು ಗಾಳಿಗೆ ಕೈಯೊಡ್ಡಲಿಲ್ಲ. ಬಗ್ಗಿ ಕಾರಿನಡಿ ನೋಡಿದರು. ಕಾಯಿಲ್ ಮೇಲೆ ಕಟ್ಟಿದ ನೀರು ಟಪ್ ಟಪ್ ಎಂದು ಸಿಮೆಂಟಿನ ಮೇಲೆ ಬೀಳುತ್ತಿತ್ತು.