ಗಗನಯಾತ್ರಿಗೆ ಸದಾ ಬಾಹ್ಯಾಕಾಶ ಉಡುಪೇ?

ಪಿಲಿಕುಳದ ತಾರಾಲಯ ನೋಡಿ ಮನೆಗೆ ಬಂದ ಮಗುವಿಗೆ ಗಗನಯಾತ್ರಿಯ ಚಿತ್ರ ಬರೆಯೆಂದರೆ, ದಪ್ಪ ಬಿಳಿ ಉಡುಪು, ಗಾಜಿನ ಶಿರಸ್ತ್ರಾಣ ಇಲ್ಲದೆ ಬರೆಯುವುದಿಲ್ಲ. ಭೂಮಿ ಬಿಟ್ಟ ಮೇಲೆ ಹಗಲಿರುಳೂ ಅದೇ ವೇಷ ಎಂದು ದೊಡ್ಡವರಲ್ಲೂ ಅನೇಕರು ನಂಬಿದ್ದಾರೆ. ಆದರೆ ಆ ಉಡುಪಿಗೂ ತೂಕವಿಲ್ಲದ ಸ್ಥಿತಿಗೂ ಸಂಬಂಧವಿಲ್ಲ. ಅದರ ಮೊದಲ ಕೆಲಸ ಮೈಸುತ್ತ ಗಾಳಿಯ ಒತ್ತಡ ಕಾಯುವುದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದೊಳಗೆ ಈ ಒತ್ತಡ ಸುಮಾರು 101 ಕಿಲೋಪಾಸ್ಕಲ್, ಅಂದರೆ ಪಣಂಬೂರು ಕಡಲತೀರದಲ್ಲಿ ಇರುವಷ್ಟೇ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲೇ ಅದಕ್ಕಿಂತ ಕಡಿಮೆ! ಹಾಗಾಗಿ ನಿಲ್ದಾಣದಲ್ಲಿರುವವರಿಗೆ ಟೀ ಶರ್ಟ್, ಚಡ್ಡಿ, ಕಾಲುಚೀಲ ಸಾಕು. 2025ರ ಜೂನ್ 26ರಂದು ನಿಲ್ದಾಣ ತಲುಪಿದ ಶುಭಾಂಶು ಶುಕ್ಲಾ ಒತ್ತಡದ ಉಡುಪು ತೊಟ್ಟದ್ದು ಹೋಗುವಾಗ, ಬರುವಾಗ. ಹೊರಗೆ ನಡೆಯುವ ಭಾರೀ ಉಡುಪನ್ನು ಅವರು ಆ ಯಾನದಲ್ಲಿ ಬಳಸಲೇ ಇಲ್ಲ.

ಹಾಗಿದ್ದರೆ ನಿಲ್ದಾಣ ಸೋರಿದರೆ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಇರುವುದು ಒಳಗಿನ ಜಾಗದಲ್ಲಿ. 2018ರ ಆಗಸ್ಟ್‌ನಲ್ಲಿ ನಿಲ್ದಾಣಕ್ಕೆ ಜೋಡಿಸಿದ್ದ ಸೊಯುಜ್ ನೌಕೆಯಲ್ಲಿ ಸುಮಾರು 2 ಮಿಲಿಮೀಟರ್ ತೂತು ಕಂಡಿತು. ನಿಲ್ದಾಣದಲ್ಲಿ ಸಾವಿರ ಘನ ಮೀಟರಿನಷ್ಟು ಗಾಳಿ ಇದ್ದುದರಿಂದ ಒತ್ತಡ ನಿಧಾನವಾಗಿ ಇಳಿಯಿತು. ಹುಡುಕಿ ಮುಚ್ಚಲು ಸಮಯ ಸಿಕ್ಕಿತು. ಪುಟ್ಟ ನೌಕೆಯಲ್ಲಿ ಆ ಸಮಯ ಸಿಗುವುದಿಲ್ಲ. 1971ರ ಜೂನ್ 30ರಂದು ಸೊಯುಜ್-11 ಮರಳುವಾಗ ಒಂದು ಕವಾಟ ತೆರೆದುಕೊಂಡು ಗಾಳಿ ಹೊರಹೋಯಿತು. ದೊಬ್ರೊವೊಲ್ಸ್ಕಿ, ವೊಲ್ಕೊವ್, ಪತ್ಸಾಯೆವ್ ಮೂವರೂ ತೀರಿಕೊಂಡರು. ಉಡುಪು ತೊಟ್ಟರೆ ಮೂವರಿಗೆ ಜಾಗ ಸಾಲದೆಂದು ಯಾರೂ ತೊಟ್ಟಿರಲಿಲ್ಲ. ಆ ಸಾವುಗಳ ನಂತರವೇ ಸೊಯುಜ್ ಯಾನಗಳಲ್ಲಿ ಸೊಕೊಲ್ ಉಡುಪು ಬಂತು. 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ತೊಟ್ಟು ಹೋದದ್ದೂ ಅದನ್ನೇ. 2018ರಲ್ಲಿ ಬೆಂಗಳೂರಿನ ಪ್ರದರ್ಶನದಲ್ಲಿ ಇಸ್ರೋ ತೋರಿಸಿದ ಗಗನಯಾನದ ಕಿತ್ತಳೆ ಉಡುಪೂ ನೌಕೆಯೊಳಗಿನದು. ಅದನ್ನು ತೊಟ್ಟು ಹೊರಗೆ ನಡೆಯಲಾಗದು.

ಅಷ್ಟು ಭದ್ರವಾದದ್ದನ್ನು ಸದಾ ತೊಡಬಾರದೇಕೆ ಎಂದರೆ, ಗಾಳಿ ತುಂಬಿದ ಉಡುಪು ಬಿಗಿಯಾಗಿ ನಿಲ್ಲುತ್ತದೆ, ಬೆರಳು ಮಡಚುವುದೇ ಶ್ರಮ. ಆದ್ದರಿಂದಲೇ ಹೊರಗೆ ನಡೆಯುವ ಅಮೆರಿಕದ ಉಡುಪಿನಲ್ಲಿ ಒತ್ತಡವನ್ನು ಸುಮಾರು 30 ಕಿಲೋಪಾಸ್ಕಲ್‌ಗೆ ಇಳಿಸಿ ಶುದ್ಧ ಆಮ್ಲಜನಕ ಕೊಡುತ್ತಾರೆ. ಈ ಉಡುಪು ಹೊರಗಿನ ಚಳಿ ತಡೆಯಲು ಎಂಬ ಮಾತೂ ಅರ್ಧ ನಿಜ ಮಾತ್ರ: ನಿರ್ವಾತದಲ್ಲಿ ಮೈಯ ಬಿಸಿಯನ್ನು ಒಯ್ಯಲು ಗಾಳಿಯಿಲ್ಲ, ದುಡಿಯುವ ಮೈ ಬಿಸಿಯೇರುತ್ತದೆ. ಅದಕ್ಕಾಗಿ ಒಳ ಉಡುಪಿನ ತುಂಬ ತೆಳು ಕೊಳವೆಗಳಲ್ಲಿ ತಣ್ಣೀರು ಹರಿಸುತ್ತಾರೆ.